ತೆರಿಗೆ ಇಳಿಕೆಯ ಬಲ ಗಡುವಿನಲ್ಲಿದೆ

2008ರ ಡಿಸೆಂಬರ್‌ನಲ್ಲಿ ಜರ್ಮನಿಯ ಅಂದಿನ ಹಣಕಾಸು ಸಚಿವ ಪೀರ್ ಸ್ಟೈನ್‌ಬ್ರುಕ್ ಬ್ರಿಟನ್ನಿನ ಒಂದು ನಿರ್ಧಾರವನ್ನು ಬಹಿರಂಗವಾಗಿ ಗೇಲಿ ಮಾಡಿದರು. ಹಣಕಾಸು ಬಿಕ್ಕಟ್ಟಿನ ಹೊಡೆತಕ್ಕೆ ವ್ಯಾಪಾರ ಕುಸಿದಿದ್ದ ಬ್ರಿಟನ್, ಆ ತಿಂಗಳ ಒಂದನೇ ತಾರೀಖಿನಿಂದ ಹದಿಮೂರು ತಿಂಗಳ ಮಟ್ಟಿಗೆ ಮೌಲ್ಯವರ್ಧಿತ ತೆರಿಗೆಯನ್ನು (ವ್ಯಾಟ್) ಶೇ 17.5ರಿಂದ ಶೇ 15ಕ್ಕೆ ಇಳಿಸಿತ್ತು. 39 ಪೌಂಡ್ 90 ಪೆನ್ಸ್ ಇದ್ದ ಡಿವಿಡಿ ಪ್ಲೇಯರ್ 39 ಪೌಂಡ್ 10 ಪೆನ್ಸ್‌ಗೆ ಸಿಗುತ್ತದೆ ಅಂದಮಾತ್ರಕ್ಕೆ ಯಾರಾದರೂ ಅದನ್ನು ಕೊಳ್ಳಲು ಹೊರಡುತ್ತಾರೆಯೇ ಎಂಬುದು ಸ್ಟೈನ್‌ಬ್ರುಕ್ ಅವರ ಪ್ರಶ್ನೆ. ಕೇಳಿದವರಿಗೆ ಇದು ನ್ಯಾಯವಾದ ಪ್ರಶ್ನೆ ಎಂದೇ ಅನ್ನಿಸಿತು. ಆದರೆ ಹನ್ನೆರಡು ವರ್ಷ ತುಂಬುವುದರೊಳಗೆ ಜರ್ಮನಿಯೇ ಅದೇ ದಾರಿ ಹಿಡಿಯಿತು. 2020ರ ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಲ್ಲಿನ ವ್ಯಾಟ್ ಶೇ 19ರಿಂದ ಶೇ 16ಕ್ಕೂ, ಆಹಾರದಂಥ ವಸ್ತುಗಳ ಮೇಲಿನ ದರ ಶೇ 7ರಿಂದ ಶೇ 5ಕ್ಕೂ ಇಳಿಯಿತು. ಆಗ ಹಣಕಾಸು ಸಚಿವರಾಗಿದ್ದ ಒಲಾಫ್ ಶೋಲ್ಜ್, ಸ್ಟೈನ್‌ಬ್ರುಕ್ ಅವರದೇ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದವರು.

ಸ್ಟೈನ್‌ಬ್ರುಕ್ ಕೇಳಿದ್ದು ಎಷ್ಟು ಉಳಿಯುತ್ತದೆ ಎಂಬುದನ್ನು. ತಾತ್ಕಾಲಿಕ ತೆರಿಗೆ ಇಳಿಕೆಯನ್ನು ಅಳೆಯಲು ಆ ಕೋಲು ಸಾಲದು. ಇಂಥ ಇಳಿಕೆ ಕೆಲಸ ಮಾಡುವುದು ಉಳಿತಾಯದ ಮೊತ್ತದಿಂದಲ್ಲ, ಅದು ಮುಗಿಯುವ ತಾರೀಖಿನಿಂದ. ಇಂದು ತೆರಿಗೆ ಇಳಿದಿದೆ ಎಂಬುದು ಸುದ್ದಿಯ ಅರ್ಧ ಭಾಗ. ಇಂಥ ದಿನ ಮತ್ತೆ ಏರುತ್ತದೆ ಎಂಬುದು ಉಳಿದರ್ಧ, ಮತ್ತು ಗ್ರಾಹಕರನ್ನು ಅಂಗಡಿಗೆ ಎಳೆಯುವುದು ಈ ಎರಡನೆಯದು. ಇಲ್ಲಿ ಅರ್ಥಶಾಸ್ತ್ರದ ಒಂದು ಸೋಜಿಗವಿದೆ. ಜನ ಖರ್ಚು ಮಾಡುವುದು ಆ ತಿಂಗಳ ಆದಾಯ ನೋಡಿಯಲ್ಲ, ಬಹುಕಾಲದ ಆದಾಯದ ಅಂದಾಜಿನ ಮೇಲೆ ಎಂದು ಮಿಲ್ಟನ್ ಫ್ರೀಡ್‌ಮನ್ 1957ರಲ್ಲಿ ವಾದಿಸಿದ್ದರು. ಆ ವಾದದಂತೆ, ಒಂದು ವರ್ಷದ ಮಟ್ಟಿಗೆ ಆದಾಯ ತೆರಿಗೆ ಇಳಿಸಿದರೆ ಜನ ಉಳಿದ ಹಣದ ಬಹುಪಾಲನ್ನು ಎತ್ತಿಡುತ್ತಾರೆ. ತಾತ್ಕಾಲಿಕವಾದದ್ದರಿಂದಲೇ ಆ ಇಳಿಕೆ ದುರ್ಬಲ. ಮಾರಾಟ ತೆರಿಗೆಯ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಬದಲಾಗುವುದು ಇಂದಿನ ಬೆಲೆಗೂ ನಾಳಿನ ಬೆಲೆಗೂ ಇರುವ ಅಂತರ. ಇಳಿಕೆ ಶಾಶ್ವತವಾದರೆ ಆ ಅಂತರವೇ ಹುಟ್ಟುವುದಿಲ್ಲ. ತಾತ್ಕಾಲಿಕವಾದದ್ದರಿಂದಲೇ ಇದಕ್ಕೆ ಬಲ.

ಆಷಾಢ ಸೇಲ್ ಬಲ್ಲವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶುಭಕಾರ್ಯಗಳಿಲ್ಲದ ತಿಂಗಳಲ್ಲಿ ಜವಳಿ ಅಂಗಡಿಗಳು ರಿಯಾಯಿತಿ ಕೊಟ್ಟು ಶ್ರಾವಣದ ಖರೀದಿಯನ್ನು ಮುಂಚೆಯೇ ಮಾಡಿಸುತ್ತವೆ. ಆಷಾಢದಲ್ಲಿ ಸೀರೆ ಕೊಂಡಿಟ್ಟುಕೊಳ್ಳಬಹುದು. ಊಟವನ್ನೋ ಬಸ್ ಪ್ರಯಾಣವನ್ನೋ ಹಾಗೆ ಇಟ್ಟುಕೊಳ್ಳಲಾಗದು. ಸರ್ಕಾರದ ರಿಯಾಯಿತಿಗೂ ಇದೇ ಮಿತಿ. ಸೊಪ್ಪು, ಹಾಲು, ಕ್ಷೌರ, ಹೋಟೆಲ್ ಊಟ ಇವುಗಳ ಖರೀದಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಲು ಜಾಗ ಕಡಿಮೆ. ಕಾರು, ಫ್ರಿಜ್, ವಾಷಿಂಗ್ ಮಷಿನ್, ಪೀಠೋಪಕರಣದಂಥ ಬಾಳಿಕೆಯ ವಸ್ತುಗಳ ಕತೆ ಬೇರೆ. ಹಳೆಯದು ಇನ್ನೂ ನಡೆಯುತ್ತಿರುತ್ತದೆ, ಹೊಸದು ಬೇಕೆಂಬ ಆಲೋಚನೆಯೂ ಇರುತ್ತದೆ, ಯಾವಾಗ ಎಂಬುದಷ್ಟೇ ತೀರ್ಮಾನವಾಗಿರುವುದಿಲ್ಲ. ಲೆಕ್ಕವೂ ಇದನ್ನೇ ಹೇಳುತ್ತದೆ. ಜರ್ಮನಿಯಲ್ಲಿ ತೆರಿಗೆ ಸೇರಿ 119 ಯೂರೊ ಆಗುತ್ತಿದ್ದುದು 116 ಆಯಿತು, ಅಂದರೆ ಬೆಲೆಯಲ್ಲಿ ಸುಮಾರು ಶೇ 2.5ರ ಇಳಿಕೆ. 50 ಯೂರೊ ಬಿಲ್ಲಿನಲ್ಲಿ ಅದು ಚಿಲ್ಲರೆ. 30 ಸಾವಿರ ಯೂರೊ ಕಾರಿನಲ್ಲಿ ಸುಮಾರು 750 ಯೂರೊ. ಮುಂದಿನ ವರ್ಷ ಕೊಳ್ಳೋಣ ಎಂದುಕೊಂಡಿದ್ದ ಕುಟುಂಬವನ್ನು ಈ ವರ್ಷವೇ ಶೋರೂಮಿಗೆ ಕರೆತರಲು ಅದು ಸಾಕಾಗಬಹುದು.

ಹಾಗಾದರೆ ಬ್ರಿಟನ್ನಿನಲ್ಲಿ ಆಗಿದ್ದೇನು? ಇಳಿಕೆಗೆ ತಗುಲಿದ ವೆಚ್ಚ ಸುಮಾರು 1,240 ಕೋಟಿ ಪೌಂಡ್. ಅಂಗಡಿಗಳೇ ಶೇ 20, 30ರ ರಿಯಾಯಿತಿಯ ಫಲಕ ತೂಗುಹಾಕಿರುವಾಗ ಎರಡು ಚಿಲ್ಲರೆ ಶೇಕಡಾ ಯಾರ ಕಣ್ಣಿಗೆ ಬೀಳುತ್ತದೆ ಎಂದು ಟೀಕಾಕಾರರು ಕೇಳಿದರು. ಈ ಇಳಿಕೆಯಿಂದ ಏನೂ ಆಗಿಲ್ಲ ಎಂದು ಫ್ರಾನ್ಸ್‌ನ ಅಧ್ಯಕ್ಷ ನಿಕೊಲಾ ಸರ್ಕೋಜಿ 2009ರ ಆರಂಭದಲ್ಲೇ ಷರಾ ಬರೆದರು. ಅಂಕಿಅಂಶಗಳನ್ನು ಸಾವಧಾನವಾಗಿ ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಥಾಮಸ್ ಕ್ರಾಸ್ಲಿ, ಹಮಿಶ್ ಲೋ ಮತ್ತು ಕ್ಯಾತ್ ಸ್ಲೀಮನ್ ಅವರಿಗೆ ಕಂಡ ಚಿತ್ರ ಬೇರೆ. ಅವರ ಅಂದಾಜಿನಂತೆ ಚಿಲ್ಲರೆ ಮಾರಾಟದ ಪ್ರಮಾಣ ಸುಮಾರು ಶೇ 1ರಷ್ಟು ಹೆಚ್ಚಿತು. ಇದು ಪವಾಡವಲ್ಲ, ವೈಫಲ್ಯವೂ ಅಲ್ಲ. ಬೆಲೆ ಶೇ 2ರಷ್ಟು ಇಳಿದಾಗ ನಿರೀಕ್ಷಿಸಬಹುದಾದ ಫಲ. ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ಗುರುತಿಸಿತು. ಮೊದಲಿಗೆ ಅಂಗಡಿಗಳು ತೆರಿಗೆಯ ಲಾಭವನ್ನು ಗ್ರಾಹಕರಿಗೆ ದಾಟಿಸಿದವು. ಕೆಲವು ತಿಂಗಳು ಕಳೆಯುತ್ತಿದ್ದಂತೆ ಅದರಲ್ಲಿ ಒಂದು ಪಾಲು ಮತ್ತೆ ಬೆಲೆಯೊಳಗೆ ಸೇರಿಹೋಯಿತು. ಅವಧಿ ಉದ್ದವಾದಷ್ಟೂ ಇಳಿಕೆಯ ಅಂಚು ಮೊಂಡಾಗುತ್ತದೆ ಎಂಬುದಕ್ಕೆ ಇದು ಮೊದಲ ಸೂಚನೆ.

ಜರ್ಮನಿಯ ಆರು ತಿಂಗಳ ಪ್ರಯೋಗದ ಬಗ್ಗೆ ತಜ್ಞರೇ ಒಮ್ಮತಕ್ಕೆ ಬಂದಿಲ್ಲ, ಮತ್ತು ಆ ಭಿನ್ನಮತವನ್ನು ಮುಚ್ಚಿಡುವುದು ಸರಿಯಲ್ಲ. ರೂಡಿಗರ್ ಬಾಕ್‌ಮನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, ಬೆಲೆ ನಿಜವಾಗಿಯೂ ಇಳಿದಿದೆ ಎಂದು ಗಮನಿಸಿದ ಕುಟುಂಬಗಳು ಬಾಳಿಕೆಯ ವಸ್ತುಗಳ ಮೇಲೆ ಉಳಿದವರಿಗಿಂತ ಸುಮಾರು ಶೇ 36ರಷ್ಟು ಹೆಚ್ಚು ಖರ್ಚು ಮಾಡಿದವು. ಒಟ್ಟು ಬಳಕೆ ಸುಮಾರು 3,400 ಕೋಟಿ ಯೂರೊ ಹೆಚ್ಚಿತು. ಗಡುವು ಹತ್ತಿರವಾದಂತೆ ಪರಿಣಾಮ ಏರುತ್ತ ಹೋಯಿತು ಎಂಬುದೂ ಅವರ ಶೋಧ. ಮ್ಯೂನಿಕ್‌ನ ಇಫೊ ಸಂಸ್ಥೆಯ ಅಂದಾಜು ತೀರಾ ಬೇರೆ: ಹೆಚ್ಚಿದ ಬಳಕೆ ಬರೀ 630 ಕೋಟಿ ಯೂರೊ, ಸುಮಾರು 2,000 ಕೋಟಿಯ ವೆಚ್ಚದ ಮುಂದೆ ಅದು ಅಲ್ಪ. ಒಂದೇ ದೇಶ, ಒಂದೇ ಆರು ತಿಂಗಳು, ಐದು ಪಟ್ಟಿಗೂ ಮೀರಿದ ಅಂತರ. ತೆರಿಗೆ ಇಳಿಸದ ಜರ್ಮನಿ ಎಂಬುದೊಂದು ಹೋಲಿಕೆಗೆ ಇರಲಿಲ್ಲ; ಮೇಲಾಗಿ ಕೊರೊನಾ ಎಲ್ಲ ಲೆಕ್ಕವನ್ನೂ ಕದಡಿತ್ತು, ಡಿಸೆಂಬರ್ 16ರಿಂದ ಹೆಚ್ಚಿನ ಅಂಗಡಿಗಳೇ ಮುಚ್ಚಿದ್ದವು. ಬೆಲೆ ಇಳಿದದ್ದನ್ನು ಗಮನಿಸಿದವರನ್ನು ಗಮನಿಸದವರೊಂದಿಗೆ ಹೋಲಿಸುವ ವಿಧಾನಕ್ಕೂ ಒಂದು ತೊಡಕಿದೆ: ಏನಾದರೂ ಕೊಳ್ಳಬೇಕೆಂದು ಹೊರಟವರೇ ಬೆಲೆಯ ಮೇಲೆ ಕಣ್ಣಿಡುತ್ತಾರೆ. ಹಾಗಾಗಿ ದೊಡ್ಡ ಅಂಕಿಯನ್ನು ಅಳೆದು ತೂಗಿ ನಂಬಬೇಕು. ಆದರೆ ಅಂಕಿ ಯಾವುದೇ ಇರಲಿ, ಖರ್ಚು ಎಲ್ಲಿ ಹೆಚ್ಚಿತು, ಯಾವಾಗ ಹೆಚ್ಚಿತು ಎಂಬ ವಿನ್ಯಾಸ ಬಾಳಿಕೆಯ ವಸ್ತುಗಳತ್ತ ಮತ್ತು ಗಡುವಿನತ್ತ ಬೊಟ್ಟು ಮಾಡುತ್ತದೆ.

ಗಡುವಿಗೇ ಈ ಬಲವಿದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ತೆರಿಗೆ ಇಳಿಸಿದ ದೇಶಗಳಿಗಿಂತ ಏರಿಸಿದ ದೇಶಗಳಲ್ಲಿ ಸಿಗುತ್ತದೆ. ಜರ್ಮನಿ 2007ರ ಜನವರಿ 1ರಿಂದ ವ್ಯಾಟನ್ನು ಶೇ 16ರಿಂದ 19ಕ್ಕೆ ಏರಿಸುವುದಾಗಿ 2005ರ ನವೆಂಬರ್‌ನಲ್ಲೇ ಸಾರಿತ್ತು. ಅಲ್ಲಿ ಯಾರಿಗೂ ಒಂದು ಸೆಂಟ್ ರಿಯಾಯಿತಿ ಸಿಕ್ಕಿರಲಿಲ್ಲ. ಆದರೂ ಬಾಳಿಕೆಯ ವಸ್ತು ಕೊಳ್ಳಲು ಇದು ಸಕಾಲ ಎನ್ನುವವರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತೆಂದು ಫ್ರಾನ್ಸೆಸ್ಕೊ ಡಕುಂಟೊ, ಡ್ಯಾನಿಯಲ್ ಹೋಂಗ್ ಮತ್ತು ಮೈಕಲ್ ವೆಬರ್ ಕಂಡುಕೊಂಡರು. ಜಪಾನ್‌ನಲ್ಲಿ ಬಳಕೆ ತೆರಿಗೆ 2014ರ ಏಪ್ರಿಲ್ 1ರಂದು ಶೇ 5ರಿಂದ 8ಕ್ಕೆ ಏರುವ ಮುನ್ನ ಜನ ಅಂಗಡಿಗಳಿಗೆ ಮುಗಿಬಿದ್ದರು. ಮರು ತ್ರೈಮಾಸಿಕದಲ್ಲಿ ಜಿಡಿಪಿ ವಾರ್ಷಿಕ ಲೆಕ್ಕದಲ್ಲಿ ಸುಮಾರು ಶೇ 7ರಷ್ಟು ಕುಸಿಯಿತು. ಅರ್ಥಶಾಸ್ತ್ರಜ್ಞ ಮಾರ್ಟಿನ್ ಫೆಲ್ಡ್‌ಸ್ಟೈನ್ ಈ ಶಕ್ತಿಯನ್ನು ಮೊದಲೇ ಗ್ರಹಿಸಿದ್ದರು. ಆದಾಯ ತೆರಿಗೆ ಇಳಿಸಿ, ಬಳಕೆ ತೆರಿಗೆಯನ್ನು ಮೂರು ತಿಂಗಳಿಗೊಮ್ಮೆ ಒಂದೊಂದು ಶೇಕಡಾ ಏರಿಸುತ್ತೇವೆಂದು ಮುಂಗಡವಾಗಿ ಘೋಷಿಸಿದರೆ ಜನ ಖರೀದಿ ಮುಂದೂಡುವುದನ್ನು ನಿಲ್ಲಿಸುತ್ತಾರೆ ಎಂಬುದು 2000ದ ದಶಕದ ಆರಂಭದಲ್ಲಿ ಅವರು ಜಪಾನ್‌ಗೆ ಕೊಟ್ಟ ಸಲಹೆ. ತೆರಿಗೆ ಇಳಿಸದೆಯೂ ಬರೀ ಏರಿಕೆಯ ತಾರೀಖು ಹೇಳಿ ಖರೀದಿ ಹುರಿದುಂಬಿಸಬಹುದು ಎಂದಾದರೆ, ಇಳಿಕೆಯ ಗುಟ್ಟು ಎಲ್ಲಿದೆ ಎಂಬುದು ಸ್ಪಷ್ಟ.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಗಡುವು ಖರೀದಿಯನ್ನು ಮುಂಚೆಯೇ ಮಾಡಿಸುತ್ತದೆಯೇ ಹೊರತು ಹೊಸದನ್ನು ಹುಟ್ಟಿಸುವುದಿಲ್ಲ. ಡಿಸೆಂಬರ್‌ನಲ್ಲಿ ಹೆಚ್ಚು ಮಾರಿದ ಕಾರು ಮಾರ್ಚ್‌ನಲ್ಲಿ ಕಡಿಮೆಯಾಗುತ್ತದೆ, ಹಾಗಿದ್ದರೆ ಬೊಕ್ಕಸದ ಹಣ ಖರ್ಚು ಮಾಡಿ ಸಾಧಿಸಿದ್ದೇನು? ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಹಲವು ರಾಜ್ಯಗಳು ಶಾಲೆ ಶುರುವಾಗುವ ಮುನ್ನ ಕೆಲವು ದಿನ ಬಟ್ಟೆ, ಕಂಪ್ಯೂಟರ್‌ಗಳ ಮಾರಾಟ ತೆರಿಗೆಗೆ ರಜೆ ಕೊಡುತ್ತವೆ. ನ್ಯೂಯಾರ್ಕ್ 1997ರಲ್ಲಿ ಆರಂಭಿಸಿದ ಪದ್ಧತಿ ಇದು. ಕಂಪ್ಯೂಟರ್ ಮಾರಾಟವನ್ನು ಅಧ್ಯಯನ ಮಾಡಿದ ಆಡಮ್ ಕೋಲ್, ಆ ದಿನಗಳಲ್ಲಿ ಕಂಡ ಹೆಚ್ಚಳದ ದೊಡ್ಡ ಪಾಲು ಹೇಗಿದ್ದರೂ ನಡೆಯಲಿದ್ದ ಖರೀದಿಯ ಸ್ಥಾನಪಲ್ಲಟ ಎಂದು ತೋರಿಸಿದರು. ಆಕ್ಷೇಪ ಅಮೆರಿಕದ ಈ ರಜೆಗಳ ಮಟ್ಟಿಗೆ ಪೂರ್ತಿ ಸರಿ. ಆರ್ಥಿಕತೆ ಆರೋಗ್ಯವಾಗಿರುವಾಗ ಪ್ರತಿವರ್ಷ ಅದೇ ವಾರ ತೆರಿಗೆ ಬಿಟ್ಟರೆ, ಜನ ಆ ವಾರಕ್ಕಾಗಿ ಕಾಯುವುದನ್ನು ಕಲಿಯುತ್ತಾರೆ ಅಷ್ಟೆ. ಆದರೆ ಆರ್ಥಿಕ ಹಿಂಜರಿತದ ನಡುವೆ ಇಂದಿನ ಮಾರಾಟಕ್ಕೂ ನಾಳಿನ ಮಾರಾಟಕ್ಕೂ ಒಂದೇ ಬೆಲೆಯಲ್ಲ. ಬೇಡಿಕೆಯಿಲ್ಲದೆ ಕಾರ್ಖಾನೆ ಒಂದು ಪಾಳಿ ನಿಲ್ಲಿಸಿದರೆ ಕೆಲಸಗಾರರು ಮನೆಗೆ ಹೋಗುತ್ತಾರೆ, ಬಿಡಿಭಾಗ ಪೂರೈಸುವ ಸಣ್ಣ ಘಟಕ ಬಾಗಿಲು ಹಾಕುತ್ತದೆ. ವರ್ಷದ ನಂತರ ಬೇಡಿಕೆ ಬಂದಾಗ ಆ ಘಟಕ ಮತ್ತೆ ತೆರೆಯುತ್ತದೆಂಬ ಖಾತ್ರಿಯಿಲ್ಲ. ಅಂಥ ಹೊತ್ತಿನಲ್ಲಿ ನಾಳೆಯಿಂದ ಇಂದಿಗೆ ಬೇಡಿಕೆ ಕಡ ತರುವುದು ತಪ್ಪಲ್ಲ, ಅದೇ ಉದ್ದೇಶ. ನಾಳೆ ಇಂದಿಗಿಂತ ಚೆನ್ನಾಗಿರುತ್ತದೆ ಎಂಬ ನಂಬಿಕೆಗೆ ಆಧಾರವಿರಬೇಕು, ಅಷ್ಟೇ ಷರತ್ತು.

ಎರಡನೆಯ ಆಕ್ಷೇಪ ಜನರ ಬಾಯಲ್ಲಿ ಹೆಚ್ಚು ಕೇಳಿಬರುವಂಥದು: ಸರ್ಕಾರ ಬಿಟ್ಟುಕೊಟ್ಟದ್ದನ್ನು ವ್ಯಾಪಾರಿ ಜೇಬಿಗಿಳಿಸುತ್ತಾನೆ. ಇದು ಎಷ್ಟು ನಿಜ ಎಂಬುದು ಮಾರುಕಟ್ಟೆಯನ್ನು ಅವಲಂಬಿಸಿದೆ. ಜರ್ಮನಿಯ ಸೂಪರ್‌ಮಾರ್ಕೆಟ್‌ಗಳು ಇಳಿಕೆಯ ಸುಮಾರು ಶೇ 70ರಷ್ಟನ್ನು ಬೆಲೆಯಲ್ಲಿ ತೋರಿಸಿದವು ಎಂದು ಇಫೊ ಸಂಶೋಧಕರೇ ಲೆಕ್ಕ ಹಾಕಿದ್ದಾರೆ. ಅಲ್ಲಿ ಪೈಪೋಟಿ ತೀವ್ರ, ಗ್ರಾಹಕರು ಬೆಲೆ ಹೋಲಿಸುವುದು ಸುಲಭ. ಫ್ರಾನ್ಸ್ 2009ರ ಜುಲೈಯಲ್ಲಿ ರೆಸ್ಟೊರೆಂಟ್ ಊಟದ ವ್ಯಾಟನ್ನು ಶೇ 19.6ರಿಂದ 5.5ಕ್ಕೆ ಇಳಿಸಿದಾಗ, ಲಾಭದ ಅರ್ಧಕ್ಕೂ ಹೆಚ್ಚು ಮಾಲೀಕರ ಪಾಲಾಯಿತು, ಗ್ರಾಹಕರಿಗೆ ದಕ್ಕಿದ್ದು ಎಲ್ಲರಿಗಿಂತ ಕಡಿಮೆ. ಇನ್ನೂ ಕಟುವಾದ ಪಾಠ ಫಿನ್ಲೆಂಡಿನ ಕ್ಷೌರದಂಗಡಿಗಳದು. ಪ್ರಯೋಗವೆಂದು 2007ರಲ್ಲಿ ಕ್ಷೌರದ ಮೇಲಿನ ವ್ಯಾಟನ್ನು ಶೇ 22ರಿಂದ 8ಕ್ಕೆ ಇಳಿಸಿ, ಐದು ವರ್ಷದ ನಂತರ, 2012ರಲ್ಲಿ, ಶೇ 23ಕ್ಕೆ ಏರಿಸಲಾಯಿತು. ಇಳಿಸಿದಾಗ ದರ ಇಳಿದದ್ದಕ್ಕಿಂತ ಏರಿಸಿದಾಗ ಏರಿದ್ದು ಸರಿಸುಮಾರು ಇಮ್ಮಡಿ. ತಾತ್ಕಾಲಿಕ ಇಳಿಕೆ ಮುಗಿದ ಮೇಲೆ ಬೆಲೆ ಹಳೆಯ ಜಾಗಕ್ಕೆ ಬರದೆ ಅದಕ್ಕಿಂತ ಮೇಲೆ ನಿಂತಿತು. ಈ ಮೂರು ಉದಾಹರಣೆ ಒಟ್ಟಿಗೆ ನೋಡಿದರೆ, ಸೇವೆಗಳಲ್ಲಿ, ದೀರ್ಘಾವಧಿಯಲ್ಲಿ ಆಕ್ಷೇಪ ನಿಜ. ಪೈಪೋಟಿಯಿರುವ ಸರಕಿನಲ್ಲಿ, ಅಲ್ಪಾವಧಿಯಲ್ಲಿ ಬಹುಮಟ್ಟಿಗೆ ಸುಳ್ಳು. ಗಡುವು ಹತ್ತಿರವಿದ್ದಾಗ ಗ್ರಾಹಕರು ಹಳೆಯ ಬೆಲೆಯನ್ನು ಇನ್ನೂ ಮರೆತಿರುವುದಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವಿರಬೇಕು.

ಮೂರನೆಯ ಆಕ್ಷೇಪ ನ್ಯಾಯದ್ದು. ಹೆಚ್ಚು ಖರ್ಚು ಮಾಡುವವರಿಗೆ ಹೆಚ್ಚು ಉಳಿತಾಯ. ಕಾರು ಕೊಳ್ಳುವವರಿಗೆ ಸಾವಿರಗಟ್ಟಲೆ, ದಿನಗೂಲಿಯವರಿಗೆ ಬಿಡಿಗಾಸು. ಅದರ ಬದಲು ಅದೇ ಹಣವನ್ನು ಬಡವರ ಖಾತೆಗೆ ನೇರ ಹಾಕಬಾರದೇಕೆ? ಹಾಕಬೇಕು, ಕಷ್ಟದಲ್ಲಿರುವವರನ್ನು ಕಾಯುವುದು ಗುರಿಯಾದರೆ. ನಗದು ನೆರವಿಗೆ ತೆರಿಗೆ ಇಳಿಕೆ ಸಾಟಿಯಲ್ಲ. ಆದರೆ ಹಿಂಜರಿತದಲ್ಲಿ ಇನ್ನೊಂದು ಸಮಸ್ಯೆಯೂ ಇರುತ್ತದೆ: ಹಣವಿದ್ದವರು ಹೆದರಿ ಗಂಟು ಬಿಚ್ಚದಿರುವುದು. ಅವರಿಗೆ ಇನ್ನಷ್ಟು ನಗದು ಕೊಟ್ಟರೆ ಅದೂ ಗಂಟಿಗೇ ಸೇರುತ್ತದೆ. ಗಡುವುಳ್ಳ ಇಳಿಕೆ ಅವರಿಗೆ ಏನನ್ನೂ ಕೈಯಲ್ಲಿ ಕೊಡುವುದಿಲ್ಲ. ಕೊಂಡರೆ ಮಾತ್ರ ಲಾಭ ಎನ್ನುತ್ತದೆ. ಜರ್ಮನಿಯ ಅಧ್ಯಯನದಲ್ಲಿ ಹೆಚ್ಚು ಸ್ಪಂದಿಸಿದವರು ಬೆಲೆ ಹೋಲಿಸಿ ಕೊಳ್ಳುವ ಅಭ್ಯಾಸದವರು ಮತ್ತು ಆರ್ಥಿಕವಾಗಿ ಅಷ್ಟೇನೂ ಗಟ್ಟಿಯಲ್ಲದ ಯುವ ಕುಟುಂಬಗಳು ಎಂಬುದನ್ನೂ ಗಮನಿಸಬೇಕು. ಸಿರಿವಂತರಿಗಷ್ಟೇ ಲಾಭ ಎಂಬ ಮಾತು ಪೂರ್ತಿ ನಿಲ್ಲುವುದಿಲ್ಲ. ಎರಡು ಸಾಧನಗಳ ಕೆಲಸ ಬೇರೆ ಬೇರೆ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಎರಡೂ ಸೋಲುವುದು.

ಅಂಥ ಗೊಂದಲಕ್ಕೆ ಕೆನಡಾ ಇತ್ತೀಚಿನ ನಿದರ್ಶನ. ಬೆಲೆಯೇರಿಕೆಯಿಂದ ಬೇಸತ್ತ ಜನರಿಗೆ ನೆಮ್ಮದಿ ಕೊಡುವ ಹೆಸರಿನಲ್ಲಿ ಜಸ್ಟಿನ್ ಟ್ರುಡೊ ಸರ್ಕಾರ 2024ರ ಡಿಸೆಂಬರ್ 14ರಿಂದ 2025ರ ಫೆಬ್ರುವರಿ 15ರವರೆಗೆ ಹೋಟೆಲ್ ಊಟ, ತಿಂಡಿ, ಬಿಯರ್, ಆಟಿಕೆ, ಮಕ್ಕಳ ಬಟ್ಟೆ, ಕ್ರಿಸ್‌ಮಸ್ ಮರಗಳ ಮೇಲಿನ ಜಿಎಸ್‌ಟಿಯನ್ನು ಮನ್ನಾ ಮಾಡಿತು. ಪಟ್ಟಿಯಲ್ಲಿ ಬಹುಪಾಲು ಹಬ್ಬಕ್ಕೆ ಹೇಗೂ ಕೊಳ್ಳುವಂಥವೇ, ಇಲ್ಲವೇ ಕೂಡಿಡಲಾಗದವೇ. ಘೋಷಣೆ ನವೆಂಬರ್ 21ರಂದು, ಜಾರಿ ಮೂರು ವಾರದ ಮೇಲೆ. ಅಂದರೆ ನಡುವಿನ ವಾರಗಳಲ್ಲಿ ಖರೀದಿ ತಡೆಹಿಡಿಯಲು ಸರ್ಕಾರವೇ ಕಾರಣ ಒದಗಿಸಿತು. ಬಡವರಿಗೆ ನೆರವು ಎನ್ನೋಣವೆಂದರೆ ಹೋಟೆಲ್‌ಗೆ ಹೆಚ್ಚು ಹೋಗುವವರು ಅವರಲ್ಲ; ಉತ್ತೇಜನ ಎನ್ನೋಣವೆಂದರೆ ಮುಂದಕ್ಕೋ ಹಿಂದಕ್ಕೋ ಸರಿಸಬಹುದಾದ ದೊಡ್ಡ ಖರೀದಿ ಪಟ್ಟಿಯಲ್ಲಿಲ್ಲ. ಹಣಕಾಸು ಸಚಿವೆ ಕ್ರಿಸ್ಟಿಯಾ ಫ್ರೀಲ್ಯಾಂಡ್ ಮನ್ನಾ ಜಾರಿಯಾದ ಎರಡು ದಿನಕ್ಕೆ ರಾಜೀನಾಮೆ ಕೊಟ್ಟು, ದೇಶಕ್ಕೆ ಭರಿಸಲಾಗದ ದುಬಾರಿ ರಾಜಕೀಯ ಗಿಮಿಕ್‌ಗಳ ಬಗ್ಗೆ ಪತ್ರದಲ್ಲಿ ಬರೆದರು.

ಭಾರತಕ್ಕೂ ಈ ಸಾಧನ ಹೊಸದಲ್ಲ. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಪಿ. ಚಿದಂಬರಂ ಸಣ್ಣ ಕಾರು, ಸ್ಕೂಟರ್, ಬೈಕುಗಳ ಅಬಕಾರಿ ಸುಂಕವನ್ನು ಶೇ 12ರಿಂದ 8ಕ್ಕೆ ಇಳಿಸಿದರು. ಗಡುವು ಜೂನ್ 30. ಜೂನ್ ಬಂದಾಗ ಹೊಸ ಸರ್ಕಾರದ ಅರುಣ್ ಜೇಟ್ಲಿ ಅದನ್ನು ಡಿಸೆಂಬರ್ 31ಕ್ಕೆ ಮುಂದೂಡಿದರು. 2015ರ ಜನವರಿ 1ಕ್ಕೆ ಹಳೆಯ ದರ ಮರಳಿತು. ಕೊನೆ ಗಳಿಗೆಯಲ್ಲಿ ಒಮ್ಮೆ ಮುಂದೂಡಿದ ತಾರೀಖನ್ನು ಮುಂದಿನ ಸಲ ಯಾರು ನಂಬುತ್ತಾರೆ? ಇಳಿಕೆಗೆ ಖರ್ಚಾಗುವ ಹಣ ಅಷ್ಟೇ, ಅದರ ಬಲ ಮಾತ್ರ ಸೋರಿಹೋಗುತ್ತದೆ. ಇನ್ನು 2025ರ ಜಿಎಸ್‌ಟಿ ಬದಲಾವಣೆ ತಾತ್ಕಾಲಿಕವಲ್ಲ, ಆದರೂ ಅದು ಗಡುವಿನ ಶಕ್ತಿಯನ್ನು ಹಿಂದುಮುಂದಾಗಿ ತೋರಿಸಿತು. ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಸೂಚನೆ ಕೊಟ್ಟರು, ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು, ಜಾರಿಯಾದದ್ದು ನವರಾತ್ರಿಯ ಮೊದಲ ದಿನ, ಸೆಪ್ಟೆಂಬರ್ 22ರಂದು. ಈ ನಡುವೆ ಗಣೇಶನ ಹಬ್ಬ ಬಂದು ಹೋದರೂ ಸಣ್ಣ ಕಾರು, ದೊಡ್ಡ ಟಿ.ವಿ., ಎ.ಸಿ. ಕೊಳ್ಳುವವರು ಕೈಕಟ್ಟಿ ಕಾದರು. ಶೇ 28ರಿಂದ 18ಕ್ಕೆ ಇಳಿಯುವುದು ಗೊತ್ತಿದ್ದೂ ಯಾರು ಕೊಂಡಾರು? ಬಾಗಿಲು ತೆರೆದ ದಿನ ಮಾರುತಿ ಸುಜುಕಿಯೊಂದೇ 25 ಸಾವಿರಕ್ಕೂ ಹೆಚ್ಚು ಕಾರು ವಿತರಿಸಿದ್ದು ಸುದ್ದಿಯಾಯಿತು. ಅದರಲ್ಲಿ ಹೊಸ ಬೇಡಿಕೆ ಎಷ್ಟು, ತಡೆಹಿಡಿದಿದ್ದ ಬೇಡಿಕೆ ಎಷ್ಟು ಎಂಬುದನ್ನು ಬೇರ್ಪಡಿಸದೆ ಯಶಸ್ಸಿನ ಲೆಕ್ಕ ಬರೆಯಲಾಗದು.

ದಿನಬಳಕೆಯ ವಸ್ತುವಿನಲ್ಲಿ ಶಾಶ್ವತ ಇಳಿಕೆ ಎಷ್ಟು ಬೇಗ ಕಣ್ಮರೆಯಾಗುತ್ತದೆ ಎಂಬುದಕ್ಕೆ ನಂದಿನಿ ತುಪ್ಪವನ್ನು ನೋಡಬಹುದು. ತೆರಿಗೆ ಶೇ 12ರಿಂದ 5ಕ್ಕೆ ಇಳಿದಾಗ ಕೆಎಂಎಫ್ 650 ರೂಪಾಯಿಯ ತುಪ್ಪವನ್ನು 610ಕ್ಕೆ ಇಳಿಸಿತು. ಲೆಕ್ಕ ಹಾಕಿ ನೋಡಿದರೆ ತೆರಿಗೆಯ ಲಾಭ ಪೂರ್ತಿ ಗ್ರಾಹಕರಿಗೆ ದಾಟಿದೆ. ನವೆಂಬರ್‌ನಲ್ಲಿ ಬೇರೆ ಕಾರಣಗಳಿಗೆ ಲೀಟರಿಗೆ 90 ರೂಪಾಯಿ ಏರಿ 700 ಆಯಿತು. ಇದರಲ್ಲಿ ಮೋಸವಿಲ್ಲ; ತೆರಿಗೆ ಏರದಿದ್ದರೂ ಬೆಲೆ ಏರಬಹುದು. ಆದರೆ ತುಪ್ಪ ಕೊಳ್ಳುವವರ ಮನಸ್ಸಿನಲ್ಲಿ ಉಳಿದದ್ದು 700. ಶಾಶ್ವತ ಇಳಿಕೆಗೆ ಅದರದೇ ಸಮರ್ಥನೆಗಳಿವೆ. ತೆರಿಗೆ ವ್ಯವಸ್ಥೆ ಸರಳವಾಗುತ್ತದೆ, ಬಡವರ ಹೊರೆ ಇಳಿಯುತ್ತದೆ. ಮಾರುಕಟ್ಟೆಗೆ ಚುರುಕು ಮುಟ್ಟಿಸುವ ಸಾಧನವೆಂದು ಮಾತ್ರ ಅದನ್ನು ಮಾರಬಾರದು.

ಹಾಗಾದರೆ ಮುಂದಿನ ಹಿಂಜರಿತದಲ್ಲಿ ಭಾರತ ಜರ್ಮನಿಯಂತೆ ಆರು ತಿಂಗಳ ಇಳಿಕೆ ಮಾಡಬಲ್ಲದೇ? ಕಾನೂನು ಅಡ್ಡಿಯಿಲ್ಲ, ಏರ್ಪಾಡು ಕಷ್ಟ. ಜಿಎಸ್‌ಟಿ ಮಂಡಳಿಯಲ್ಲಿ ಮತಕ್ಕೆ ಹಾಕಿದರೆ ನಾಲ್ಕರಲ್ಲಿ ಮೂರು ಪಾಲು ಬಲ ಬೇಕು. ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳದಕ್ಕೆ ಮೂರನೇ ಎರಡು. ವರಮಾನದ ಖೋತಾ ಇಬ್ಬರಿಗೂ ಬೀಳುತ್ತದೆ, ಆದರೆ ರಾಜ್ಯಗಳ ನಷ್ಟ ತುಂಬಿಕೊಡುವ ಐದು ವರ್ಷದ ಖಾತ್ರಿ 2022ರ ಜೂನ್‌ಗೆ ಮುಗಿದಿದೆ. 2025ರ ಇಳಿಕೆಯ ಹೊತ್ತಿನಲ್ಲಿ ಕರ್ನಾಟಕ ಸೇರಿ ಹಲವು ರಾಜ್ಯಗಳು ಪರಿಹಾರ ಕೇಳಿದ್ದು ಇದೇ ಕಾರಣಕ್ಕೆ. ಅವಧಿ ನಿಗದಿಯಾದ ಇಳಿಕೆಯಾದರೆ ನಷ್ಟಕ್ಕೂ ಅವಧಿ ನಿಗದಿಯಾಗುತ್ತದೆ; ಅಷ್ಟನ್ನು ತುಂಬಿಕೊಡುವ ಮಾತು ಕೇಂದ್ರದಿಂದ ಮೊದಲೇ ಬಂದರೆ ಒಪ್ಪಂದ ಅಸಾಧ್ಯವೇನಲ್ಲ. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆ. ತೆರಿಗೆ ಇಳಿಸುವ ದಿನ ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಮುಂದೆ ಬರುತ್ತಾರೆ. ಏರಿಸುವ ದಿನ ಹೊಣೆ ಹೊರುವವರು ಸಿಗುವುದಿಲ್ಲ. ಚುನಾವಣೆ ಇಲ್ಲದ ವರ್ಷ ಎಂಬುದು ನಮ್ಮಲ್ಲಿ ಅಪರೂಪ, ಹಾಗಾಗಿ ಗಡುವನ್ನು ಮುಂದೂಡುವ ಆಸೆ ಸದಾ ಇರುತ್ತದೆ.

ಆದ್ದರಿಂದ ಇಂಥ ಘೋಷಣೆ ಕೇಳಿದಾಗ ಎಷ್ಟು ಶೇಕಡಾ ಇಳಿಯಿತು ಎಂಬುದಕ್ಕಿಂತ ಮೊದಲು ಕೇಳಬೇಕಾದವು ಬೇರೆ. ಮುಗಿಯುವ ದಿನ ಯಾವುದು, ಅದು ಕಾನೂನಿನಲ್ಲೇ ಬರೆದಿದೆಯೇ? ಪಟ್ಟಿಯಲ್ಲಿರುವುದು ಜನ ಮುಂಚೆ ಕೊಂಡಿಟ್ಟುಕೊಳ್ಳಬಹುದಾದ ವಸ್ತುವೇ? ಘೋಷಣೆಗೂ ಜಾರಿಗೂ ನಡುವೆ ದಿನಗಳೆಷ್ಟು? ಇಂದಿನ ಮಾರಾಟ ನಿಜಕ್ಕೂ ನಾಳಿನದಕ್ಕಿಂತ ತುರ್ತಿನದೇ? ಎಲ್ಲಕ್ಕೂ ಸರಿಯುತ್ತರ ಸಿಕ್ಕರೆ ಶೇ 2, 3ರ ಇಳಿಕೆಯೂ ಸಾರ್ಥಕ. ಸಿಗದಿದ್ದರೆ ಶೇ 10 ಇಳಿಸಿದರೂ ಅದು ಬೊಕ್ಕಸದಿಂದ ಕೊಟ್ಟ ಹಬ್ಬದ ಇನಾಮು. ಮುಗಿಸುವ ಧೈರ್ಯವಿಲ್ಲದ ಸರ್ಕಾರ ತಾತ್ಕಾಲಿಕ ಇಳಿಕೆಯನ್ನು ಆರಂಭಿಸದಿರುವುದೇ ಮೇಲು, ಏಕೆಂದರೆ ಅದು ಜನರಿಗೆ ಮಾರುತ್ತಿರುವುದು ರಿಯಾಯಿತಿಯನ್ನಲ್ಲ, ಇಂಥ ದಿನ ಬೆಲೆ ಏರಿಸುತ್ತೇನೆಂಬ ತನ್ನ ಮಾತನ್ನು.